ಗಡಿಗೆಯ ತಂಪೂ ಲಸಿಕೆಯ ಸೀಸೆಯೂ

ಕೂಸಿಗೆ ಕ್ಷಯದ ಅಥವಾ ದಡಾರದ ಲಸಿಕೆ ಹಾಕಿಸಲು ಹೋದ ತಾಯಂದಿರು ಒಂದು ಸಂಗತಿಯನ್ನು ಕಂಡಿರಬಹುದು. ದಾದಿಯು ಸೀಸೆಯೊಳಗಿನ ಒಣಪುಡಿಗೆ ದ್ರಾವಣವನ್ನು ಬೆರೆಸಿದ ಬಳಿಕವೇ ಸೂಜಿಗೆ ಏರಿಸಿಕೊಳ್ಳುವಳು. ಅಷ್ಟು ಒಣಗಿಯೂ ಅದರೊಳಗಿನ ಜೀವಾಣುಗಳು ಸಾಯದೆ ಉಳಿದುದೆಂತು?

ಸಾರವಾಡ, ತಿಕೋಟಾ, ಬಬಲೇಶ್ವರಗಳ ಕಡೆಯವರಿಗೆ ಒಣಗಿಸುವ ಕೆಲಸವು ಹೊಸದಲ್ಲ. ನೆರಳಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಗಳ ಮೇಲೆ ದ್ರಾಕ್ಷಿಯನ್ನು ಹರಡಿ ಗಾಳಿಗೆ ಬಿಡುವರು. ಲಸಿಕೆಯ ಜೀವಾಣುಗಳಾದರೋ ನಮ್ಮ ನಾಡಿನ ಗಾಳಿಯ ಬೆಚ್ಚನ್ನೂ ತಾಳವು. ಆದುದರಿಂದ ಲಸಿಕೆಯನ್ನು ಮೊದಲು ಹೆಪ್ಪುಗಟ್ಟಿಸಿ, ಪೆಟ್ಟಿಗೆಯೊಳಗಿನ ಗಾಳಿಯನ್ನು ಯಂತ್ರದಿಂದ ಹೀರಿ ತೆಗೆಯುವರು. ಒತ್ತಡವು ಪಾದರಸದ 4.6 ಮಿಲಿಮೀಟರಿಗಿಂತ ಕೆಳಗಿಳಿದರೆ ಮಂಜುಗಡ್ಡೆಯು ಕರಗಿ ನೀರಾಗದು, ನೇರವಾಗಿ ಆವಿಯಾಗುವುದು. 1961ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಸೈನಿಕರ ಆಹಾರವನ್ನು ಒಣಗಿಸಲೂ ಈ ಕ್ರಮವನ್ನು ಬಳಸಿದೆ.

ಆವಿಯಾಗಲು ಕಾವು ಬೇಕಷ್ಟೆ. ಸೀಸೆಗಳಿರುವ ಹಲಗೆಯನ್ನು ಮೆಲ್ಲಮೆಲ್ಲನೆ ಕಾಯಿಸುವರು. ಜಾಣ್ಮೆ ಬೇಕಾದುದು ಇಲ್ಲಿಯೇ. ಹಲಗೆಯ ಕಾವು ಬೇರೆ, ಸೀಸೆಯೊಳಗಿನ ವಸ್ತುವಿನ ಕಾವು ಬೇರೆ. ವೈಶಾಖದ ಬಿಸಿಲಿನಲ್ಲಿ ಮಣ್ಣಿನ ಗಡಿಗೆಯು ಮೈಬೆವರಿ ನೀರನ್ನು ತಂಪಾಗಿರಿಸುವುದಿಲ್ಲವೆ? ಹಾಗೆಯೇ ಆವಿ ಹೊರಡುತ್ತಿರುವ ತನಕ ವಸ್ತುವು ಹಲಗೆಗಿಂತ ಬಹಳ ತಣ್ಣಗಿರುವುದು. ಆ ತಂಪಿಗೂ ಒಂದು ಮೇರೆಯುಂಟು. ಸಕ್ಕರೆಯ ದ್ರಾವಣಕ್ಕೆ ಅದು ಸೊನ್ನೆಗಿಂತ ಸುಮಾರು 32 ಡಿಗ್ರಿ ಸೆಂಟಿಗ್ರೇಡ್ ಕೆಳಗೆ. ಕಾವು ಅದನ್ನು ಮೀರಿದರೆ, ಜೇನುಹುಟ್ಟಿನಂತೆ ನಿಂತ ಮೈಯು ಕುಸಿದು ಅಂಟಾಗುವುದು. ತೇವವು ಒಳಗೇ ಉಳಿದು, ಲಸಿಕೆಯ ಸತ್ತ್ವವು ಕುಂದಬಹುದು.

ಇದನ್ನರಿಯಲು ಎರಡು ಬಗೆಯ ಲೋಹದ ಎಳೆತಂತಿಗಳ ತುದಿಯನ್ನು ಬೆಸೆದು ಸೀಸೆಯ ತಳದ ನಡುವೆ ಇರಿಸುವರು. ತುದಿಯ ಕಾವಿಗೆ ತಕ್ಕಂತೆ ಹುಟ್ಟುವ ಅತ್ಯಲ್ಪ ವಿದ್ಯುತ್ತನ್ನು ಅಳೆದು ಉಷ್ಣತೆಯನ್ನು ತಿಳಿಯುವರು. ಅದು ಹಲಗೆಯ ಮಟ್ಟಕ್ಕೆ ಏರಿತೆಂದರೆ ಆ ಸೀಸೆಯ ಮಂಜುಗಡ್ಡೆ ತೀರಿತು. ಬರಿದಾಗಿ ಒಣಗಿದ ಗಡಿಗೆಯು ಕೋಣೆಯಷ್ಟೇ ಬೆಚ್ಚಗಾಗುವಂತೆ. ಆದರೆ ಒಂದೇ ಸೀಸೆಯ ಮಾತನ್ನು ನಂಬಲಾಗದು. ತಂತಿಯುಳ್ಳ ಸೀಸೆಯು ನೆರೆಯವಕ್ಕಿಂತ ಮೊದಲೇ ಒಣಗುವುದುಂಟು. ಅಂಚಿನವು ಪೆಟ್ಟಿಗೆಯ ಗೋಡೆಯ ಕಾವನ್ನೂ ಹೀರುವುವು. ಅನುಭವಿಗಳು ಹಲವೆಡೆ ತಂತಿಗಳನ್ನಿರಿಸಿ, ಎಲ್ಲವೂ ಏರಿದ ಮೇಲೂ ಕೆಲಹೊತ್ತು ಕಾಯುವರು.

ಇಷ್ಟು ಜತನದಿಂದ ಒಣಗಿಸಿದ ಲಸಿಕೆಯು ದ್ರಾವಣ ಬೆರೆತೊಡನೆ ಮತ್ತೆ ಸುಕುಮಾರವಾಗುವುದು. ನಾಲ್ಕು ಗಂಟೆಗಳೊಳಗೆ ಬಳಸಿ ಉಳಿದುದನ್ನು ಬಿಸುಡಬೇಕು. ಮುಂಜಾನೆ ಕಲಸಿದುದನ್ನು ಸಂಜೆ ಬಂದ ಕೂಸಿಗೆ ಹಾಕಲು ದಾದಿಯು ಒಪ್ಪದಿದ್ದರೆ ಆಕೆಯು ಮಾಡಿದುದೇ ಸರಿ. ಹೊಸ ಸೀಸೆಯನ್ನು ತೆರೆಯಿರೆಂದು ಕೇಳಿಕೊಳ್ಳಿರಿ.