ಚರ್ಚು ಮುಳುಗಿತು, ಹೆಸರು ಉಳಿಯಿತು

ವೇಲ್ಸ್‌ನ ಭೂಪಟದಲ್ಲಿ 'ಲಾನ್' ಎಂದು ಮೊದಲಾಗುವ ಊರುಗಳು ಲೆಕ್ಕವಿಲ್ಲದಷ್ಟು. ಚರ್ಚು ಮತ್ತು ಅದರ ಆವರಣ ಎಂದು ಆ ಪದದ ಅರ್ಥ. ಸಂತ ವುದಿನ್‌ನ ಹೆಸರು ಹೊತ್ತ ಲಾನ್‌ವುದಿನ್ ಅಂಥದೊಂದು ಪ್ಯಾರಿಷ್. ಎಂದರೆ ಒಂದು ಚರ್ಚಿಗೆ ಸೇರಿದ ಹಳ್ಳಿ, ಹೊಲಮನೆಗಳ ಸೀಮೆ. ಅದಿರುವುದು ಪೊವಿಸ್ ಪ್ರಾಂತ್ಯದ ಬೆಟ್ಟಗಳ ನಡುವೆ, ವರ್ನ್ವಿ ನದಿಯ ಕಣಿವೆಯಲ್ಲಿ.

ಈ ಕಣಿವೆಯನ್ನು ಕೊರೆದದ್ದು ಹಿಮನದಿ. ಕೊರೆಯುತ್ತ ಅದು ಒಂದೆಡೆ ಬಂಡೆಯ ದಿಣ್ಣೆಯೊಂದನ್ನು ಅಡ್ಡಲಾಗಿ ಉಳಿಸಿತು. ಹಿಮ ಕರಗಿದ ಮೇಲೆ ದಿಣ್ಣೆಯ ಹಿಂದೆ ಸರೋವರ ನಿಂತಿತು. ಕಾಲಕ್ರಮೇಣ ಹೂಳು ತುಂಬಿ ಸಮತಟ್ಟಾದ ನೆಲವಾಯಿತು. ಜನ ನೆಲೆಸಿದ್ದು ಅಲ್ಲಿ.

ಬೆಳೆಯುತ್ತಿದ್ದ ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರು ಬೇಕಾದಾಗ ಅದರ ಎಂಜಿನಿಯರುಗಳಿಗೆ ಬೇಕಾದದ್ದೂ ಇದೇ ದಿಣ್ಣೆ. ಅಣೆಕಟ್ಟಿಗೆ ಇದಕ್ಕಿಂತ ಗಟ್ಟಿ ಬುನಾದಿ ಉಂಟೆ? 1881ರಲ್ಲಿ ಕೆಲಸ ಆರಂಭವಾಯಿತು. ಸುಮಾರು 44 ಮೀಟರ್ ಎತ್ತರದ ಇದು ಬ್ರಿಟನ್ನಿನ ಮೊದಲ ದೊಡ್ಡ ಕಲ್ಲಿನ ಅಣೆಕಟ್ಟು. ಹೆಚ್ಚಾದ ನೀರು ಇದರ ನೆತ್ತಿಯ ಮೇಲಿಂದಲೇ ಧುಮುಕುತ್ತದೆ. ಮಣ್ಣಿನ ಕಟ್ಟೆಯಾದರೆ ಕೊಚ್ಚಿಹೋಗುತ್ತಿತ್ತು.

ಇಂಥ ಅಣೆಕಟ್ಟು ನಿಲ್ಲುವುದು ತನ್ನ ತೂಕದ ಬಲದಿಂದ. ಆದರೆ ಬುಡದ ಬಿರುಕುಗಳಿಗೆ ನುಸುಳಿದ ನೀರು ಅದನ್ನು ಕೆಳಗಿನಿಂದ ಎತ್ತಲು ನೋಡುತ್ತದೆ, ತೂಕವನ್ನು ಅಷ್ಟರಮಟ್ಟಿಗೆ ಕಸಿಯುತ್ತದೆ. ಆ ನೀರನ್ನು ಹೊರಬಿಡಲು ಬುಡದಲ್ಲಿ ಕಾಲುವೆಗಳನ್ನಿಟ್ಟದ್ದು ಆ ಕಾಲಕ್ಕೆ ಹೊಸ ವಿಚಾರ.

1888ರ ನವೆಂಬರಿನಲ್ಲಿ ಕವಾಟ ಮುಚ್ಚಿದರು. ಹಳೆಯ ಚರ್ಚು, 2 ಪ್ರಾರ್ಥನಾ ಮಂದಿರಗಳು, 3 ಪಾನಗೃಹಗಳು, 37 ಮನೆಗಳು, 10 ರೈತರ ತೋಟದಮನೆಗಳು ಮುಳುಗಿದವು. ಸ್ಮಶಾನದ ಅಸ್ಥಿಗಳನ್ನು ಮೊದಲೇ ತೆಗೆದು ಹೊಸ ಚರ್ಚಿನ ಅಂಗಳದಲ್ಲಿ ಹೂಳಿದ್ದರು. ಲಿವರ್‌ಪೂಲ್ ನಗರಸಭೆ ಕೆಳಗಡೆ ಹೊಸ ಹಳ್ಳಿಯನ್ನು ಕಟ್ಟಿಸಿಕೊಟ್ಟಿತು. ಹೆಸರು ಮಾತ್ರ ಹಳೆಯದೇ. ಕಾಮಗಾರಿಯ ಕಾಲದಲ್ಲಿ ಸತ್ತ 44 ಕಾರ್ಮಿಕರಿಗೆ ಅಲ್ಲೊಂದು ಸ್ಮಾರಕವಿದೆ.

ಜಲಾಶಯದ ಸಾಮರ್ಥ್ಯ ನಮ್ಮ ಲೆಕ್ಕದಲ್ಲಿ 2 ಟಿಎಂಸಿಗಿಂತ ತುಸು ಹೆಚ್ಚು. 68 ಮೈಲಿ ದೂರದ ಲಿವರ್‌ಪೂಲ್ ಕಡೆಗೆ ಇಲ್ಲಿನ ನೀರು ಇಂದಿಗೂ ಹರಿಯುತ್ತಿದೆ. ಅಲ್ಲಿ ನಲ್ಲಿ ತಿರುಗಿಸುವವರಿಗೆ ಈ ಊರಿನ ನೆನಪಾಗಬೇಕೆಂದೇನಿಲ್ಲ. ಆದರೆ ಮಳೆ ಕೈಕೊಟ್ಟ ವರ್ಷ ಸರೋವರವೇ ನೆನಪಿಸುತ್ತದೆ. 2022ರ ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿದಾಗ ಹಳೆಯ ಲಾನ್‌ವುದಿನ್‌ನ ಗೋಡೆಗಳ ಅವಶೇಷ ಮತ್ತೆ ಬಿಸಿಲು ಕಂಡಿತು.