ದೀಪ ಆರಿದರೆ ಹೊಗೆ ಆರೀತೆ?

ಮಲೆನಾಡಿನಿಂದ ಶುಂಠಿಯನ್ನೋ ಬಾಳೆಗೊನೆಯನ್ನೋ ಹೇರಿಕೊಂಡು ಇರುಳಿನಲ್ಲಿ ಹೊರಟ ಡೀಸೆಲ್ ಪಿಕಪ್ ವಾಹನ ಹಾಸನ, ನೆಲಮಂಗಲಗಳನ್ನು ದಾಟಿ, ಬೆಂಗಳೂರನ್ನು ಅಡ್ಡಹಾಯ್ದು, ಬೆಳಗಿನ ಹೊತ್ತಿಗೆ ಬೈಯಪ್ಪನಹಳ್ಳಿಯನ್ನು ತಲಪುತ್ತದೆ. ಅಲ್ಲಿಂದ ಕೃಷ್ಣರಾಜಪುರಕ್ಕೆ ಕೆಲವೇ ಕಿಲೋಮೀಟರು. ಆದರೆ ಹಳೆಯ ಮದ್ರಾಸ್ ರಸ್ತೆಯಲ್ಲಿ, ಟಿನ್ ಫ್ಯಾಕ್ಟರಿಯ ಬಳಿ, ವಾಹನಗಳು ಒಂದೊಂದು ಮಾರು ತೆವಳುವಾಗ ಆ ಹಾದಿ ಮುಗಿಯುವುದೇ ಇಲ್ಲ. ಆಗಲೇ ಚಾಲಕನ ಎದುರಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತದೆ. ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದರೂ ಅದು ಆರುವುದಿಲ್ಲ.

ರಸ್ತೆ ಬದಿಯ ಗ್ಯಾರೇಜಿನಲ್ಲಿ ಸ್ಕ್ಯಾನರ್ ಸಿಕ್ಕಿಸಿ ದೀಪವನ್ನು ಅಳಿಸಿಕೊಡುತ್ತಾರೆ. ಎರಡು ದಿನ ಕಳೆಯುವುದರೊಳಗೆ ಅದು ಮರಳುತ್ತದೆ. ಮತ್ತೆ ಅಳಿಸುತ್ತಾರೆ, ಮತ್ತೆ ಬರುತ್ತದೆ. ಮೂರನೆಯ ಬಾರಿ ಸಲಹೆಯೊಂದು ಸಿಗುತ್ತದೆ: "ಅಣ್ಣ, ಆ ಫಿಲ್ಟರ್ ತೆಗೆಸಿ ಪೈಪ್ ಹಾಕಿಸಿಬಿಡಿ. ಸಾಫ್ಟ್‌ವೇರ್ ಚೇಂಜ್ ಮಾಡಿಸಿದ್ರೆ ಲೈಟು ಮತ್ತೆ ಬರೋದೇ ಇಲ್ಲ. ಎಮಿಷನ್ ಟೆಸ್ಟೂ ಪಾಸಾಗುತ್ತೆ."

ನೆಗಡಿ ಬಂತೆಂದು ಮೂಗನ್ನೇ ಕೊಯ್ಯುವ ಚಿಕಿತ್ಸೆ ಇದು. ಕೊಯ್ಯುವುದು ಒಂದು ವಾಹನದ ಮೂಗನ್ನು. ಉಸಿರು ಕಟ್ಟುವುದು ಊರಿನ ಎಲ್ಲರದು. ಆ ಸಲಹೆಯ ಕೊನೆಯ ವಾಕ್ಯವನ್ನು ವಿಶೇಷವಾಗಿ ಗಮನಿಸಬೇಕು. ಪರಿಸರ ರಕ್ಷಣೆಗೆಂದು ನಿಂತಿರುವ ಪರೀಕ್ಷೆಯೇ ಈ ವಂಚನೆಗೆ ನೆರಳಾಗಿದೆ.

ದೀಪ ಹೇಳುವುದೇನು?

2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬಿಎಸ್-5ನ್ನು ಕೈಬಿಟ್ಟು, ಬಿಎಸ್-4ರಿಂದ ನೇರವಾಗಿ ಬಿಎಸ್-6ಕ್ಕೆ ಜಿಗಿಯಲು ತೀರ್ಮಾನಿಸಿತು. 2020ರ ಏಪ್ರಿಲ್ 1ರ ನಂತರ ಬಿಎಸ್-4 ವಾಹನಗಳನ್ನು ಮಾರುವಂತಿಲ್ಲವೆಂದು 2018ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಡೀಸೆಲ್‌ನಲ್ಲಿರುವ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಲಘು ಸರಕು ವಾಹನಗಳಲ್ಲಿ ಹೆಚ್ಚು ತೂಕದ ವರ್ಗಕ್ಕೆ ಕಿಲೋಮೀಟರಿಗೆ 60 ಮಿಲಿಗ್ರಾಮಿನಷ್ಟಿದ್ದ ಮಸಿಕಣಗಳ ಮಿತಿ 4.5 ಮಿಲಿಗ್ರಾಮಿಗೂ, 390 ಮಿಲಿಗ್ರಾಮಿನಷ್ಟಿದ್ದ ನೈಟ್ರೋಜನ್ ಆಕ್ಸೈಡುಗಳ ಮಿತಿ 125 ಮಿಲಿಗ್ರಾಮಿಗೂ ಇಳಿದವು. ಹದಿಮೂರು ಪಾಲು ಮಸಿಯಲ್ಲಿ ಹನ್ನೆರಡು ಪಾಲನ್ನು ತಡೆಯಬೇಕೆಂದರೆ ಎಂಜಿನನ್ನು ತಿದ್ದಿದರೆ ಸಾಲದು; ಹೊಗೆಯನ್ನು ಸೋಸಲೇಬೇಕು.

ಸೋಸುವ ಆ ಸಾಧನವೇ ಡಿಪಿಎಫ್ ಎಂದು ಗ್ಯಾರೇಜಿನವರು ಕರೆಯುವ ಫಿಲ್ಟರ್. ಜೇನುಹಟ್ಟಿನಂಥ ಸೂಕ್ಷ್ಮ ಕೋಶಗಳಲ್ಲಿ ಅದು ಮಸಿಯನ್ನು ಹಿಡಿದಿಡುತ್ತದೆ. ಹಿಡಿದ ಮಸಿಯನ್ನು ಆಗಾಗ ಸುಟ್ಟು ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುತ್ತದೆ. ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಈ ಕೆಲಸ ಸಲೀಸಾಗಿ ನಡೆಯುತ್ತದೆ. ಟಿನ್ ಫ್ಯಾಕ್ಟರಿಯ ಬಳಿ ತೆವಳುವಾಗಲಾಗಲಿ, ಹಳ್ಳಿಯಲ್ಲಿ ತೋಟದಿಂದ ಸಂತೆಗೆ ಎರಡು ಮೂರು ಕಿಲೋಮೀಟರು ಓಡಿ ನಿಲ್ಲುವಾಗಲಾಗಲಿ ಶಾಖ ಏರುವುದಿಲ್ಲ. ಮಸಿ ಕಟ್ಟಿಕೊಳ್ಳುತ್ತ ಹೋಗುತ್ತದೆ, ದೀಪ ಹೊತ್ತುತ್ತದೆ. ಅಂದರೆ ದೀಪವೇ ರೋಗವಲ್ಲ, ಅದು ರೋಗದ ಸುದ್ದಿ.

ದೀಪ ಮರಳುವುದೇಕೆ?

ಅಳಿಸಿದ ದೀಪ ಮರಳಿ ಬಂದರೆ ಅದರ ಅರ್ಥ ಒಂದೇ: ಕಾರಣ ಹಾಗೆಯೇ ಉಳಿದಿದೆ. ಆದ್ದರಿಂದ ಅಳಿಸುವ ಮುನ್ನ ಸ್ಕ್ಯಾನರ್ ತೋರಿಸುವ ಸಂಕೇತವನ್ನು ಬರೆದುಕೊಳ್ಳುವುದು ಮೊದಲ ಕರ್ತವ್ಯ. ಪಿ2463 ಎಂದರೆ ಫಿಲ್ಟರಿನಲ್ಲಿ ಮಸಿ ಮಿತಿಮೀರಿದೆ. ಪಿ2002 ಎಂದರೆ ಫಿಲ್ಟರ್ ಸರಿಯಾಗಿ ಸೋಸುತ್ತಿಲ್ಲ. ಪಿ0401 ಎಂದರೆ ಹೊಗೆಯ ಒಂದು ಪಾಲನ್ನು ಎಂಜಿನಿಗೆ ಮರಳಿಸುವ ಇಜಿಆರ್ ವ್ಯವಸ್ಥೆಯಲ್ಲಿ ಹರಿವು ಸಾಲದು. ಇವು ನಾಲ್ಕಕ್ಷರ ಓದಬಲ್ಲ ಯಾರಿಗೂ ತಿಳಿಯಬಹುದಾದ ಸಂಗತಿಗಳು.

ಫಿಲ್ಟರಿನ ಮುಂದಿನ ಮತ್ತು ಹಿಂದಿನ ಒತ್ತಡವನ್ನು ಅಳೆಯುವ ಸೆನ್ಸರಿಗೆ ಎರಡು ಸಣ್ಣ ಕೊಳವೆಗಳಿರುತ್ತವೆ. ಅವುಗಳಲ್ಲಿ ಒಂದು ಬಿರಿದರೂ ಕಟ್ಟಿಕೊಂಡರೂ ಸೆನ್ಸರ್ ಸುಳ್ಳು ವರದಿ ಮಾಡುತ್ತದೆ. ದುಬಾರಿ ಫಿಲ್ಟರಿಗೆ ಕೈಹಾಕುವ ಮೊದಲು ಈ ಅಗ್ಗದ ಕೊಳವೆಗಳನ್ನು ಕಣ್ಣಾರೆ ನೋಡಬೇಡವೇ? ಟರ್ಬೊದ ಗಾಳಿ ಕೊಳವೆ ಸೀಳಿದ್ದರೆ, ಇಂಜೆಕ್ಟರ್ ತೊಟ್ಟಿಕ್ಕುತ್ತಿದ್ದರೆ, ಇಜಿಆರ್ ವಾಲ್ವ್ ಅಂಟಿಕೊಂಡಿದ್ದರೆ, ಎಂಜಿನ್ ಅತಿಯಾಗಿ ಮಸಿಯನ್ನು ಉಗುಳುತ್ತದೆ. ಅಲ್ಲಿ ಫಿಲ್ಟರ್ ಅಪರಾಧಿಯಲ್ಲ, ಬಲಿಪಶು. ಹೊಸ ಫಿಲ್ಟರ್ ಹಾಕಿದರೂ ಅದಕ್ಕೆ ಅದೇ ಗತಿ.

ಎಂಜಿನ್ ಆಯಿಲ್‌ನ ವಿಷಯವೂ ಉಂಟು. ಮಸಿ ಸುಟ್ಟುಹೋಗುತ್ತದೆ, ಆಯಿಲ್‌ನಿಂದ ಬರುವ ಬೂದಿ ಸುಡುವುದಿಲ್ಲ, ಕೋಶಗಳಲ್ಲೇ ಉಳಿಯುತ್ತದೆ. ಕಡಿಮೆ ಬೂದಿಯ ಆಯಿಲ್ ಹಾಕಬೇಕೆಂದು ವಾಹನದ ಪುಸ್ತಕ ಹೇಳುವುದು ಇದಕ್ಕಾಗಿ. ಮಸಿ ಸುಡುವ ಕೆಲಸ ಪದೇ ಪದೇ ಅರ್ಧಕ್ಕೆ ನಿಂತರೆ, ಅದಕ್ಕೆಂದು ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಕಡ್ಡಿ ಹಾಕಿ ನೋಡಿದಾಗ ಆಯಿಲ್‌ನ ಮಟ್ಟ ಏರಿದ್ದರೆ ಸಂತೋಷಪಡಬಾರದು. ಅದು ಎಂಜಿನ್ ಸವೆಯುವ ಮುನ್ಸೂಚನೆ.

ದೀಪ ಮೊದಲ ಬಾರಿ ಹೊತ್ತಿದಾಗ, ವಾಹನದ ಪುಸ್ತಕ ಹೇಳುವ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ಎಡೆಬಿಡದೆ ಓಡಿಸಿದರೆ ಹಲವು ಬಾರಿ ಅದು ತಾನಾಗಿ ಆರುತ್ತದೆ. ಆದರೆ ಮಲೆನಾಡಿನವರು ಒಂದು ಎಚ್ಚರವನ್ನು ಮರೆಯಬಾರದು. ಮಸಿ ಸುಡುವ ಹೊತ್ತಿನಲ್ಲಿ ವಾಹನದ ತಳ ಕಾದ ಹೆಂಚಿನಂತಿರುತ್ತದೆ. ಬೇಸಿಗೆಯಲ್ಲಿ ತರಗೆಲೆಯ ಮೇಲೋ ಒಣಹುಲ್ಲಿನ ಬ್ಯಾಣದಲ್ಲೋ ಅದನ್ನು ನಿಲ್ಲಿಸುವುದು ಕಾಡಿಗೆ ಕೈಯಾರೆ ಕಿಚ್ಚಿಟ್ಟಂತೆ.

ಯೂರಿಯಾ ಚೀಲದ ಆಮಿಷ

ಕೆಲವು ವಾಹನಗಳಲ್ಲಿ ಮತ್ತೊಂದು ದೀಪವಿದೆ. ಅದು ಯೂರಿಯಾ ದ್ರಾವಣದ್ದು. ಶುದ್ಧ ನೀರಿನಲ್ಲಿ ಶೇ. 32.5ರಷ್ಟು ಯೂರಿಯಾ ಕರಗಿಸಿದ ಈ ದ್ರಾವಣವನ್ನು ಬಿಸಿ ಹೊಗೆಗೆ ಸಿಂಪಡಿಸಿದಾಗ ಅದು ಅಮೋನಿಯಾ ಆಗಿ, ನೈಟ್ರೋಜನ್ ಆಕ್ಸೈಡುಗಳನ್ನು ನಿರುಪದ್ರವಿ ನೈಟ್ರೋಜನ್ ಮತ್ತು ನೀರಾಗಿ ಬದಲಿಸುತ್ತದೆ. ಮನೆಯ ಕೊಟ್ಟಿಗೆಯಲ್ಲಿ ಸಬ್ಸಿಡಿ ಯೂರಿಯಾದ ಚೀಲವಿರುವಾಗ ಕ್ಯಾನಿಗೆ ದುಡ್ಡು ಕೊಡುವುದೇಕೆಂಬ ಆಲೋಚನೆ ಸಹಜವೇ. ಅದು ಅನರ್ಥಕಾರಿಯೂ ಹೌದು.

ಗೊಬ್ಬರದ ಯೂರಿಯಾದಲ್ಲಿ ಬೈಯುರೆಟ್ ಎಂಬ ಕಲ್ಮಶ ಶೇ. 1.5ರವರೆಗೆ ಇರಲು ರಸಗೊಬ್ಬರ ನಿಯಂತ್ರಣ ಆದೇಶ ಅವಕಾಶ ಕೊಡುತ್ತದೆ. ವಾಹನದ ದ್ರಾವಣದಲ್ಲಿ ಅದು ಶೇ. 0.3ನ್ನು ಮೀರುವಂತಿಲ್ಲ. ಮೇಲಾಗಿ 2015ರಿಂದ ದೇಶದ ಗೊಬ್ಬರದ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪನ ಕಡ್ಡಾಯವಾಗಿದೆ. ಭೂಮಿಯಲ್ಲಿ ಸಾರಜನಕ ನಿಧಾನವಾಗಿ ಕರಗಲಿ, ಕಾರ್ಖಾನೆಗಳಿಗೆ ಕದ್ದು ಸಾಗದಿರಲಿ ಎಂಬುದು ಅದರ ಉದ್ದೇಶ. ಗದ್ದೆಗೆ ಒಳಿತು ಮಾಡುವ ಆ ಲೇಪನ ವಾಹನದ ಪಂಪಿಗೂ ನಳಿಕೆಗೂ ವಿಷ. ಬಾವಿಯ ನೀರಿನ ಸುಣ್ಣದ ಅಂಶ ಸೇರಿದರಂತೂ ವೇಗವರ್ಧಕ ಕೆಟ್ಟು ಪಿ20ಇಇ ಎಂಬ ಸಂಕೇತ ಶಾಶ್ವತವಾಗಿ ನೆಲೆಸುತ್ತದೆ. ರೈತನಿಗೆಂದು ಕೊಟ್ಟ ಗೊಬ್ಬರವನ್ನು ಅನ್ಯ ಬಳಕೆಗೆ ತಿರುಗಿಸುವುದು ಕಾನೂನಿನ ಕಣ್ಣಿನಲ್ಲಿಯೂ ಅಪರಾಧ.

ಯಾರು ಹೊಣೆ?

ಇಷ್ಟೆಲ್ಲ ಓದಿ ಪಿಕಪ್‌ನ ಮಾಲೀಕನೊಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯ. ಸಾಲದ ಕಂತು ಕಟ್ಟುವ ಅವನಿಗೆ ವಾಹನ ಒಂದು ದಿನ ನಿಂತರೆ ಬಾಡಿಗೆಯೂ ಹೋಯಿತು, ಹೇರಿದ ಬಾಳೆಯೂ ಕೊಳೆಯಿತು. ತಾಲ್ಲೂಕು ಕೇಂದ್ರದ ಮೆಕ್ಯಾನಿಕ್‌ಗೆ ಕಂಪನಿಯ ಸ್ಕ್ಯಾನರ್ ಇಲ್ಲ, ದುರಸ್ತಿಯ ಕೈಪಿಡಿ ಇಲ್ಲ. ಕನ್ನಡದಲ್ಲಂತೂ ಕೇಳುವುದೇ ಬೇಡ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು 'ದುರಸ್ತಿಯ ಹಕ್ಕು' ಜಾಲತಾಣವನ್ನು ಆರಂಭಿಸಿ, ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಜಾಲತಾಣದಲ್ಲಿ ಕಾಣುವ ಹಕ್ಕು ಘಟ್ಟದ ಗ್ಯಾರೇಜಿಗೆ ಇಳಿಯದಿದ್ದರೆ ಅದು ಹಕ್ಕೆನಿಸುವುದು ಹೇಗೆ?

ಇನ್ನು ಹೊಗೆ ತಪಾಸಣೆ. ಡೀಸೆಲ್ ವಾಹನವನ್ನು ನಿಂತಲ್ಲೇ ನಿಲ್ಲಿಸಿ, ಆಕ್ಸಿಲರೇಟರ್ ಒತ್ತಿ, ಹೊಗೆ ಎಷ್ಟು ಕಪ್ಪಾಗಿದೆಯೆಂದು ಅಳೆಯುವುದೇ ಈ ಪರೀಕ್ಷೆ. ನೈಟ್ರೋಜನ್ ಆಕ್ಸೈಡುಗಳನ್ನು ಅದು ಅಳೆಯುವುದೇ ಇಲ್ಲ. ಅತಿಸೂಕ್ಷ್ಮ ಕಣಗಳನ್ನು ಕಾಣುವ ಶಕ್ತಿಯೂ ಅದಕ್ಕಿಲ್ಲ. ಫಿಲ್ಟರ್ ಕಿತ್ತ ವಾಹನವೂ ಪ್ರಮಾಣಪತ್ರ ಹಿಡಿದು ಹೊರಬರುವುದು ಈ ಕಿಂಡಿಯಿಂದಲೇ. 2023ರ ಏಪ್ರಿಲ್‌ನಿಂದ ಹೊಸ ಮಾದರಿಗಳನ್ನು ರಸ್ತೆಯ ಮೇಲೆಯೇ ಓಡಿಸಿ ಹೊಗೆ ಅಳೆಯುವ ನಿಯಮ ಬಂದಿದೆ. ಮಾರಾಟವಾದ ಮೇಲಿನ ವಾಹನಕ್ಕೆ ಮಾತ್ರ ಹಳೆಯ ಕಪ್ಪುಬಿಳುಪಿನ ಲೆಕ್ಕವೇ. ನೆದರ್ಲೆಂಡ್ಸ್ 2023ರ ಜನವರಿಯಿಂದ, ಜರ್ಮನಿ ಅದೇ ವರ್ಷದ ಜುಲೈಯಿಂದ ನಿಯತಕಾಲಿಕ ತಪಾಸಣೆಯಲ್ಲಿ ಕಣಗಳನ್ನೇ ಎಣಿಸತೊಡಗಿವೆ. ಅಲ್ಲಿ ಸಾಧ್ಯವಾದದ್ದು ಇಲ್ಲೇಕೆ ಅಸಾಧ್ಯ?

ಪರೀಕ್ಷೆಯನ್ನು ವಂಚಿಸುವ ವಿದ್ಯೆಯನ್ನು ಗ್ಯಾರೇಜುಗಳು ಕಂಡುಹಿಡಿದದ್ದಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆಯನ್ನು ತಗ್ಗಿಸುವ ಸಾಫ್ಟ್‌ವೇರನ್ನು ಫೋಕ್ಸ್‌ವ್ಯಾಗನ್ ಕಂಪನಿ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಡೀಸೆಲ್ ವಾಹನಗಳಲ್ಲಿ ಅಡಗಿಸಿಟ್ಟಿದ್ದುದು 2015ರಲ್ಲಿ ಬಯಲಾಯಿತು. ಭಾರತದಲ್ಲಿ ಮೂರು ಲಕ್ಷಕ್ಕೂ ಮಿಕ್ಕಿ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. 2019ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ವಿಧಿಸಿದ 500 ಕೋಟಿ ರೂಪಾಯಿಯ ದಂಡಕ್ಕೆ ಸುಪ್ರೀಂ ಕೋರ್ಟಿನಿಂದ ತಡೆ ದೊರೆಯಿತು. ಬಡ ಚಾಲಕನ ಪಾಲಿಗಾದರೋ 2019ರ ತಿದ್ದುಪಡಿಯ ನಂತರದ ಮೋಟಾರು ವಾಹನ ಕಾಯಿದೆಯಲ್ಲಿ ಹತ್ತು ಸಾವಿರ ರೂಪಾಯಿವರೆಗಿನ ದಂಡ, ಮೂರು ತಿಂಗಳವರೆಗಿನ ಸೆರೆ ಸಿದ್ಧವಾಗಿದೆ. ಕೋಟ್ಯಧೀಶರಿಗೆ ವಕೀಲರ ಪಡೆಯಿದೆ. ಪಿಕಪ್ ಓಡಿಸುವವನಿಗೆ ಯಾರಿದ್ದಾರೆ?

ದಿಲ್ಲಿಯ ನಿಯಮ ಮಲೆನಾಡಿಗೇಕೆ?

ಹೊಗೆಯಲ್ಲಿ ಮುಳುಗಿದ ದಿಲ್ಲಿಗೆ ಮಾಡಿದ ನಿಯಮ, ಕಾಡಿನ ನಡುವಣ ಊರಿಗೇಕೆ ಎಂಬ ವಾದ ಆಗಾಗ ಕೇಳಿಬರುತ್ತದೆ. ಈ ವಾದ ನಿಲ್ಲುವುದಿಲ್ಲ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರ ಜೂನ್‌ನಲ್ಲಿ ಸಾರಿತು. ಶ್ವಾಸಕೋಶ ದಿಲ್ಲಿಯದಾದರೇನು, ಮಲೆನಾಡಿನದಾದರೇನು? ಚಳಿಗಾಲದ ಬೆಳಗಿನಲ್ಲಿ ಕಣಿವೆಯ ತಂಪು ಗಾಳಿ ಮೇಲೇಳದೆ ನಿಂತಾಗ ಹೊಗೆಯೂ ಅಲ್ಲೇ ನಿಲ್ಲುತ್ತದೆ. ಶಾಲೆಗೆ ನಡೆದುಹೋಗುವ ಮಕ್ಕಳು ಉಸಿರಾಡುವುದು ಅದನ್ನೇ. ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ನೆಲಮಟ್ಟದ ಓಜೋನ್ ಹುಟ್ಟಿಸುತ್ತವೆ. ಆ ಓಜೋನ್ ಬೆಳೆಗಳ ಎಲೆಯನ್ನು ಬಾಧಿಸಿ ಇಳುವರಿಯನ್ನು ಕುಗ್ಗಿಸುತ್ತದೆ. ಬೆಳೆ ಸಾಗಿಸುವ ವಾಹನವೇ ಬೆಳೆಗೆ ಮುಳುವಾಗುವ ವಿಪರ್ಯಾಸವಿದು.

ಇನ್ನೊಂದು ಮಾತು. ನದಿ ತಿರುವಿನ ವಿರುದ್ಧ, ಗಣಿಯ ವಿರುದ್ಧ ಗಟ್ಟಿದನಿಯಲ್ಲಿ ಮಾತನಾಡುವ ಮಲೆನಾಡು, ತನ್ನದೇ ಪಿಕಪ್‌ನ ಹೊಗೆಯನ್ನು ಬೈಯಪ್ಪನಹಳ್ಳಿಯ ಜನರ ಮೇಲೆ ಸುರಿದು ಬಂದರೆ ಆ ದನಿಗೆ ಬೆಲೆಯಿದೆಯೇ?

ಆಗಬೇಕಾದುದು

ಸಂಕೇತಗಳ ಅರ್ಥ ಮತ್ತು ದುರಸ್ತಿಯ ಕ್ರಮವನ್ನು ಕಂಪನಿಗಳು ಕನ್ನಡದಲ್ಲಿ, ಉಚಿತವಾಗಿ ಕೊಡಬೇಕು. ಹೊಗೆ ತಪಾಸಣಾ ಕೇಂದ್ರಗಳಲ್ಲಿ ವಾಹನದ ಸಂಕೇತಗಳನ್ನು ಓದುವುದೂ ಫಿಲ್ಟರ್ ಸ್ವಸ್ಥಾನದಲ್ಲಿದೆಯೇ ಎಂದು ನೋಡುವುದೂ ಕಡ್ಡಾಯವಾಗಬೇಕು. ಫಿಲ್ಟರ್ ಕೀಳುವ ದಂಧೆ ನಡೆಸುವವರನ್ನು ಮೊದಲು ಹಿಡಿಯಬೇಕು, ದಾರಿಯಲ್ಲಿ ಸಿಕ್ಕ ಚಾಲಕನನ್ನು ಆಮೇಲೆ.

ಸರ್ಕಾರಕ್ಕಾಗಿ ಕಾಯದೆ ಮಾಡಬಹುದಾದುದೂ ಇದೆ. ಅಡಿಕೆ ಸಹಕಾರ ಸಂಘಗಳು ಸದಸ್ಯರಿಗೆ ಗೊಬ್ಬರ, ಔಷಧಿ ಒದಗಿಸುವಂತೆ ಒಂದೊಂದು ಒಳ್ಳೆಯ ಸ್ಕ್ಯಾನರನ್ನು ಕೊಂಡು ಹೋಬಳಿಗೊಂದರಂತೆ ಇಡಬಹುದು. ಐಟಿಐ ವಿದ್ಯಾರ್ಥಿಗಳು ಅದನ್ನು ಬಳಸಲು ಕಲಿತರೆ ಊರಿಗೆ ನೆರವು, ಅವರಿಗೆ ಉದ್ಯೋಗ.

ಬೈಯಪ್ಪನಹಳ್ಳಿಯಲ್ಲಿ ಒಂದು ಕಾಲಕ್ಕೆ ವಿದ್ಯುತ್ ಯಂತ್ರಗಳನ್ನು ತಯಾರಿಸುತ್ತಿದ್ದ ಎನ್‌ಜಿಇಎಫ್ ಕಾರ್ಖಾನೆ 2002ರಲ್ಲಿ ಮುಚ್ಚಿತು. 2011ರ ಅಕ್ಟೋಬರ್ 20ರಂದು ಬೆಂಗಳೂರಿನ ಮೆಟ್ರೊ ಸಂಚಾರ ಆರಂಭವಾದದ್ದು ಈ ಬೈಯಪ್ಪನಹಳ್ಳಿ ಮತ್ತು ಮಹಾತ್ಮಾ ಗಾಂಧಿ ರಸ್ತೆಯ ನಡುವೆಯೇ. ಶುದ್ಧ ಗಾಳಿಯ ಹೆಸರಿನಲ್ಲಿ ವಿದ್ಯುತ್ ರೈಲು ಅಲ್ಲಿ ಮೇಲುಗಡೆ ಸಾಗುವಾಗ, ಕೆಳಗೆ ಫಿಲ್ಟರ್ ಕಿತ್ತ ವಾಹನಗಳು ಹೊಗೆ ಕಾರುತ್ತ ನಿಲ್ಲಬಾರದು. ಮುಂದಿನ ಬಾರಿ ಆ ಹಳದಿ ದೀಪ ಹೊತ್ತಿದಾಗ ಮಲೆನಾಡಿನ ಚಾಲಕ ಗ್ಯಾರೇಜಿನವನನ್ನು ಕೇಳಬೇಕಾದ ಪ್ರಶ್ನೆ "ಇದನ್ನು ಆರಿಸಲು ಎಷ್ಟು?" ಎಂಬುದಲ್ಲ, "ಇದು ಹೊತ್ತಿದ್ದೇಕೆ?" ಎಂಬುದು.