ಮಾಡಿದವರೂ ಕೂತು ಕುಡಿಯುವ ಚಹಾ

ಬೆಳಗಾವಿ ಜಿಲ್ಲೆಯ ಚಚಡಿಯಲ್ಲಿ ಯಾರ ಮನೆಯ ಹೊಸ್ತಿಲು ತುಳಿದರೂ ಮೊದಲು ಕಿವಿಗೆ ಬೀಳುವ ಮಾತು ‘ಬರ್ರಿ, ಕುಂದರ್ರಿ’. ಅದರ ಬೆನ್ನಿಗೇ ಒಳಗೆ ಹೋಗುವ ಕೂಗು, ‘ಚಾ ಇಡವಾ’. ಪಡಸಾಲೆಯಲ್ಲಿ ಮಳೆ, ಬೆಳೆ, ಮದುವೆಯ ಮಾತು ನಡೆದಿರುವಾಗ ಒಲೆಯ ಮೇಲೆ ನೀರು, ಪುಡಿ, ಸಕ್ಕರೆ, ಹಾಲು ಒಟ್ಟಿಗೇ ಕುದಿಯುತ್ತಿರುತ್ತವೆ. ಕಪ್ಪು-ಬಸಿಗಳು ಹೊರಗೆ ಬಂದು, ಖಾಲಿಯಾಗಿ ಒಳಗೆ ಹೋದ ಮೇಲೆ, ಚಹಾ ಮಾಡಿದಾಕೆ ಪಾತ್ರೆಯ ತಳದಲ್ಲಿ ಉಳಿದ ಅರ್ಧ ಕಪ್ಪನ್ನು ನಿಂತೇ ಕುಡಿಯುತ್ತಾಳೆ. ಅಷ್ಟರಲ್ಲಿ ಅದು ಆರಿರುತ್ತದೆ.

ದಕ್ಷಿಣ ಚೀನಾದ ಚಾವ್‌ಝೌ ಮತ್ತು ಫೂಜಿಯನ್ ಭಾಗದ ಚಹಾ ಪದ್ಧತಿ ಇದಕ್ಕೆ ತಿರುವುಮುರುವು. ಅದರ ಹೆಸರು ‘ಗೊಂಗ್‌ಫು’ ಚಹಾ. ಸಿನೆಮಾಗಳ ಕುಂಗ್‌ಫೂ ಎಂಬುದೂ ಇದೇ ಪದ. ಶ್ರಮಪಟ್ಟು ಸಾಧಿಸಿದ ಕುಶಲತೆ ಎಂದು ಅರ್ಥ. 2022ರಲ್ಲಿ ಯುನೆಸ್ಕೊ ಚೀನಿ ಚಹಾದ ಪಾರಂಪರಿಕ ತಯಾರಿಕೆಯನ್ನೂ ಅದರ ಸುತ್ತಲಿನ ಆಚರಣೆಗಳನ್ನೂ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕನ್ನಡದ ‘ಚಹಾ’ಕ್ಕೆ ಮೂಲ ಚೀನಿಯರ ‘ಚಾ’. ‘ಟೀ’ ಫೂಜಿಯನ್ ಕರಾವಳಿಯ ‘ತೆ’. ಡಚ್ ಹಡಗುಗಳಲ್ಲಿ ಯುರೋಪಿಗೆ ಹೋಗಿ, ಇಂಗ್ಲಿಷಿನ ಮೂಲಕ ಇಲ್ಲಿಗೆ ಬಂತು. ಹೆಸರು ಎರಡು ದಾರಿಯಲ್ಲಿ ಬಂದರೂ ಮಾಡುವ ಬಗೆ ಮಾತ್ರ ಬರಲಿಲ್ಲ.

ಮನೆಯಲ್ಲಿ ಮೊದಲ ಸಲ ಮಾಡಿ ನೋಡುವವರಿಗೆ ದುಬಾರಿ ಸಾಮಾನು ಬೇಡ. ಚೀನಿಯರು ಪುಟ್ಟ ಮಣ್ಣಿನ ಕುಡಿಕೆಯನ್ನೋ ಮುಚ್ಚಳದ ಬಟ್ಟಲನ್ನೋ ಬಳಸುತ್ತಾರೆ. ಇಲ್ಲಿ 100 ಮಿಲಿಲೀಟರಿನ ಪಿಂಗಾಣಿ ಕಪ್ಪು ಸಾಕು. ಅದರ ಬಸಿಯೇ ಮುಚ್ಚಳ. ಸೋಸುವ ಜಾಳಿಗೆ, ಒಂದು ಸಣ್ಣ ತಂಬಿಗೆ, ಮೂರು-ನಾಲ್ಕು ಕಿರಿಯ ಕಪ್ಪುಗಳಿದ್ದರೆ ಸಿದ್ಧತೆ ಮುಗಿಯಿತು.

ಕೊಳ್ಳಬೇಕಾದದ್ದು ಇಡೀ ಎಲೆಯ ಚಹಾ. ಹೊಸಬರಿಗೆ ಊಲಾಂಗ್ ಒಳ್ಳೆಯದು. ಮನೆಯ ಡಬ್ಬಿಯ ಪುಡಿ ಇದಕ್ಕೆ ಒಗ್ಗುವುದಿಲ್ಲ. ಅದು ಎಲೆಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿ ಮಾಡಿದ ಕಾಳು. ಬೆಲ್ಲದ ಹೆಂಟೆ ನೀರಿನಲ್ಲಿ ನಿಧಾನ ಕರಗುತ್ತದೆ, ಕುಟ್ಟಿದ ಬೆಲ್ಲ ಬೇಗ. ಹಾಗೆಯೇ ಸಣ್ಣ ಕಾಳಿನ ಹೊರಮೈ ಹೆಚ್ಚಾದ್ದರಿಂದ ಬಣ್ಣ, ಕಹಿ, ಒಗರು ಎಲ್ಲವೂ ಒಮ್ಮೆಗೇ ಇಳಿದುಬಿಡುತ್ತವೆ. ಆ ಒಗರನ್ನು ತಗ್ಗಿಸುವುದು ಹಾಲು. ಅದರ ಕೇಸಿನ್ ಎಂಬ ಪ್ರೋಟೀನು ಚಹಾದ ಪಾಲಿಫಿನಾಲುಗಳನ್ನು ಹಿಡಿದುಕೊಳ್ಳುತ್ತದೆ. ಹಾಲಿಲ್ಲದ ಚಹಾದಲ್ಲಿ ಒಗರನ್ನು ಅಂಕೆಯಲ್ಲಿಡಬೇಕಾದದ್ದು ಗಡಿಯಾರ.

ಕಪ್ಪನ್ನು ಬಿಸಿನೀರಿನಿಂದ ತೊಳೆದು 5 ಗ್ರಾಂ ಎಲೆ ಹಾಕಬೇಕು. ಕುದಿದ ನೀರು ಸುರಿದು, ಬಸಿ ಮುಚ್ಚಿ, 20 ಎಣಿಸಿ ತಂಬಿಗೆಗೆ ಸೋಸಬೇಕು. ಒಂದು ಹನಿಯೂ ಎಲೆಯಲ್ಲಿ ಉಳಿಯಬಾರದು. ಉಳಿದರೆ ಮುಂದಿನ ಸರದಿ ಕಹಿ. ಬಳಿಕ ಅದೇ ಎಲೆಗೆ ಮತ್ತೆ ನೀರು, ಪ್ರತಿ ಸಲ 10 ಎಣಿಕೆ ಹೆಚ್ಚಿಗೆ. ಒಳ್ಳೆಯ ಎಲೆ ಐದಾರು ಸಲ ರುಚಿ ಕೊಡುತ್ತದೆ, ಒಂದೊಂದು ಸಲವೂ ಬೇರೆ. ಎಲೆಯ ಬೆಲೆ ಕೇಳಿ ಹೌಹಾರಿದವರಿಗೆ ಇದೊಂದು ಸಮಾಧಾನ. ಹಸಿರು ಚಹಾಕ್ಕಾದರೆ ಕುದಿದ ನೀರು ಹೆಚ್ಚಾಯಿತು. ಅದನ್ನು ಕೆಲವು ನಿಮಿಷ ತೆರೆದಿಟ್ಟು 80 ಡಿಗ್ರಿಯಷ್ಟಕ್ಕೆ ಇಳಿಸಬೇಕು. ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿರುವ ಈ ಸೀಮೆಯಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಊಲಾಂಗ್‌ಗೆ ಅಷ್ಟು ಸಾಕು.

ಮೊದಲ ಪ್ರಯತ್ನ ಕೆಡುವುದು ಬಹಳ ಸಲ ನೀರಿನಿಂದ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಚಹಾ ಮಂಕಾಗಿ, ಮೇಲೆ ತೆಳುವಾದ ಕೆನೆಯಂಥ ಪದರ ಕಟ್ಟುತ್ತದೆ. ಸುಣ್ಣದ ಅಂಶ ಪಾಲಿಫಿನಾಲುಗಳೊಂದಿಗೆ ಸೇರಿ ಆಗುವ ಪದರ ಅದು. ನೀರನ್ನು ಮೊದಲೇ ಕುದಿಸಿ, ಆರಿಸಿ, ತಳದ ಗಸಿ ಬಿಟ್ಟು ಬಸಿದುಕೊಂಡರೆ ಗಡಸು ಒಂದಿಷ್ಟು ತಗ್ಗುತ್ತದೆ. ಇನ್ನೊಂದು ಎಚ್ಚರಿಕೆ: ಚಹಾ ಯಾವುದೇ ಇರಲಿ, ಊಟದ ಜೊತೆಗೇ ಕುಡಿದರೆ ಕಾಳು-ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಒಂದು ತಾಸಾದರೂ ಬಿಟ್ಟು ಕುಡಿಯುವುದು ಒಳ್ಳೆಯದು.

ಇಷ್ಟಾದ ಮೇಲೆ ಹೊಸಬರಿಗೆ ಒಂದು ಸಂಗತಿ ತಾನಾಗಿ ಗೊತ್ತಾಗುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಸುರಿದು ಸೋಸಬೇಕಾದ ಈ ಚಹಾವನ್ನು ಅಡುಗೆಮನೆಯಲ್ಲಿ ಮಾಡಿ ಹೊರಗೆ ಕಳಿಸಲು ಬರುವುದಿಲ್ಲ. ಬಿಸಿನೀರಿನ ಥರ್ಮಾಸ್ ಪಡಸಾಲೆಗೇ ಬರಬೇಕು, ಮಾಡುವವರೂ ಬಂದವರ ಜೊತೆ ಚಾಪೆಯ ಮೇಲೆ ಕೂಡಬೇಕು. ರುಚಿ ನೋಡದೆ ಮುಂದಿನ ಎಣಿಕೆ ತಿಳಿಯದು. ಆದ್ದರಿಂದ ಅವರೂ ಬಿಸಿಯಾಗಿಯೇ ಕುಡಿಯಬೇಕು.

ಹಾಲಿನ ಚಹಾ ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ದಿನವೂ ಅದೇ ಇರಲಿ. ಆದರೆ ಒಂದು ಭಾನುವಾರ ‘ಚಾ ಇಡವಾ’ ಎಂದು ಕೂಗುವವರೇ ಎದ್ದು ನೀರು ಕಾಯಿಸಿ ತಂದು, ಚಾಪೆಯ ಮೇಲೆ ಒಂದು ಕಪ್ಪು ಹೆಚ್ಚಿಗೆ ಇಡಲಿ. ಎಣಿಕೆ ತಪ್ಪಿ ಚಹಾ ಕಹಿಯಾದರೂ ಚಿಂತೆಯಿಲ್ಲ, ಎಲೆಯಲ್ಲಿ ಇನ್ನೂ ನಾಲ್ಕು ಸರದಿ ಇದೆ.